ಬೌಂಡರಿ ಕಾಯುವವರು

ಕಪಿಲಾ ನದಿಯ ದಂಡೆಯಲ್ಲಿ ಒಂದು ಕ್ರಿಕೆಟ್ ಮೈದಾನ. ಮೈದಾನದ ಮೂಲೆಯಲ್ಲಿ ಹೆಂಚು ಹೊದಿಸಿದ ಒಂದು ಕೋಣೆ, ಕೋಣೆಯ ಮುಂದೆ ಒಂದು ಕಲ್ಲುಬೆಂಚು, ಬೆಂಚಿನ ಮೇಲೆ ಚೆಲುವಯ್ಯ ಮೇಷ್ಟ್ರು. ಅಲ್ಲಿನ ಗುರುಕುಲ ಅಂದರೆ ಇಷ್ಟೇ. ಇನ್ನೂ ಏನೋ ಇರುತ್ತದೆ ಅಂದುಕೊಂಡು ಬಂದವರು ಸಂಜೆಯ ಬಸ್ಸಿಗೇ ವಾಪಸ್ ಹೋಗುತ್ತಿದ್ದರು.

ಮೇಷ್ಟ್ರು ಹನ್ನೊಂದು ವರ್ಷ ರಾಜ್ಯ ತಂಡಕ್ಕೆ ಆಡಿದವರು. ಸೆಂಚುರಿ ಹೊಡೆದವರಲ್ಲ, ವಿಕೆಟ್ ಕಿತ್ತವರೂ ಅಲ್ಲ. ಬೌಂಡರಿ ಗೆರೆಯ ಹತ್ತಿರ ನಿಂತು ಚೆಂಡು ಕಾದವರು. ಅವರಿದ್ದ ಕಡೆಗೆ ಹೊಡೆದರೆ ಕೆಟ್ಟೆವು ಅಂತ ಅವರ ಕಾಲದ ಆಟಗಾರರು ಈಗಲೂ ಹೇಳುತ್ತಾರೆ. ಸರಿ, ಅವರು ಹಿಡಿದ ಒಂದು ಒಳ್ಳೆಯ ಕ್ಯಾಚ್ ಹೇಳಿ ಅಂದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಒಬ್ಬರಿಗೂ ಒಂದೂ ನೆನಪಿಲ್ಲ. ವಿಚಿತ್ರ ನೋಡಿ!

ಆ ಕಲ್ಲುಬೆಂಚಿನ ಮೇಲೆ ಅವರೊಬ್ಬರೇ ಕೂರುವುದು. ಶಿಷ್ಯರಿಗೆಲ್ಲ ಹುಲ್ಲು. ಹಾಗಂತ ಯಾರೂ ಹೇಳಿರಲಿಲ್ಲ, ಆದರೆ ಯಾರೂ ಮೀರಿರಲಿಲ್ಲ.

ಒಂದು ಬೆಳಿಗ್ಗೆ ನಂಜೇಶ ಬಂದ. ಹದಿನಾರನೇ ವಯಸ್ಸಿನಲ್ಲಿ ಇದೇ ಹುಲ್ಲಿನ ಮೇಲೆ ಕೂತು ಕಲಿತವನು. ಈಗ ಇಪ್ಪತ್ತೊಂಬತ್ತು. ಎಂಟು ವರ್ಷದಿಂದ ರಾಜ್ಯ ತಂಡದಲ್ಲಿದ್ದಾನೆ. ಅವನು ಹಕ್ಕಿಯ ಹಾಗೆ ಅಡ್ಡಡ್ಡ ಹಾರಿ ಚೆಂಡು ಹಿಡಿಯುವ ಫೋಟೋ ಎಷ್ಟೋ ಹೋಟೆಲ್ಲುಗಳ ಗೋಡೆಯ ಮೇಲಿದೆ.

ಅಂಥವನ ಮುಖ ಅವತ್ತು ಬಾಡಿತ್ತು.

"ಮೇಷ್ಟ್ರೇ, ಕೈ ಕೊಡ್ತಾ ಇದೆ," ಅಂದ.

"ಯಾವ ಕೈ?"

"ಎರಡೂ. ಈ ವರ್ಷ ಮೂರು ಕ್ಯಾಚ್ ಬಿಟ್ಟೆ. ಕೊನೇದು ಸೆಮಿಫೈನಲ್‌ನಲ್ಲಿ. ಹಾರಿದೆ, ಬೆರಳ ತುದಿಗೆ ತಗುಲಿ ಹೋಯ್ತು. ಪಂದ್ಯವೂ ಹೋಯ್ತು."

ಮೇಷ್ಟ್ರು ಕಡಲೆಕಾಯಿ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಇನ್ನು ಹನ್ನೊಂದು ದಿನಕ್ಕೆ ಆಯ್ಕೆ ಪಂದ್ಯ. ಅದರಲ್ಲೂ ಎಡವಿದರೆ ನನ್ನ ಕತೆ ಮುಗಿದ ಹಾಗೆ. ನನ್ನ ಬ್ಯಾಟಿಂಗ್ ನೋಡಿ ಯಾರೂ ತಂಡಕ್ಕೆ ತಗೊಂಡಿಲ್ಲ, ನಿಮಗೇ ಗೊತ್ತು. ಫೀಲ್ಡಿಂಗ್ ಒಂದೇ ನನ್ನ ಅನ್ನ. ನನ್ನ ಕೈಗೆ ಏನಾಗಿದೆ, ಸ್ವಲ್ಪ ನೋಡಿ."

ಎರಡೂ ಅಂಗೈ ಚಾಚಿದ. ಮೇಷ್ಟ್ರು ಅದರಲ್ಲಿ ನಾಲ್ಕು ಕಡಲೆಕಾಯಿ ಹಾಕಿದರು.

"ಆಡುವ ಬಟ್ಟೆ ತಂದಿದ್ದೀಯಾ? ತೋರಿಸು."

ನಂಜೇಶ ಬ್ಯಾಗಿನಿಂದ ಬಿಳಿ ಶರ್ಟು, ಪ್ಯಾಂಟು ತೆಗೆದ. ಮೊಣಕೈ, ಸೊಂಟ, ಮಂಡಿ ಎಲ್ಲ ಕಡೆ ಕೆಮ್ಮಣ್ಣು ನೂಲಿನೊಳಗೆ ಇಳಿದು ಕೂತಿತ್ತು. ಅವನಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಬೇಕು. ಬೇರೆ ಆಟಗಾರರ ಬಟ್ಟೆ ಇಷ್ಟು ಮಣ್ಣಾಗುತ್ತಿರಲಿಲ್ಲ.

"ಹೊಳೆಗೆ ಹೋಗಿ ಒಗೆದುಕೊಂಡು ಬಾ," ಅಂದರು ಮೇಷ್ಟ್ರು.

ಒಗೆದ. ಸೋಪು ಅರ್ಧ ಸವೆಯಿತು. ಕಲ್ಲಿಗೆ ಬಡಿದು ಬಡಿದು ತೋಳು ಸೋತಿತು. ಕೆಂಪು ಹೋಗಲಿಲ್ಲ.

"ಹೋಗಲ್ಲ ಮೇಷ್ಟ್ರೇ. ಎಂಟು ವರ್ಷದ ಮಣ್ಣು."

"ನನ್ನ ಹಳೇ ಪ್ಯಾಂಟು ಒಳಗೆ ಗೂಟದ ಮೇಲಿದೆ, ನೋಡು."

ನೋಡಿದ. ಮಂಡಿಯ ಹತ್ತಿರ ಹುಲ್ಲಿನ ಹಸಿರು ಕೂಡ ಇರಲಿಲ್ಲ. ಮೇಷ್ಟ್ರ ಮೇಲೆ ಎಷ್ಟೇ ಭಕ್ತಿ ಇದ್ದರೂ ಅವನಿಗೆ ಒಂದು ಗಳಿಗೆ ಅನುಮಾನ ಬಂತು. ಇವರು ನಿಜವಾಗಿಯೂ ಆಡಿದ್ದರಾ?

ಹೊರಗೆ ಬಂದು ಕೇಳಿಯೇಬಿಟ್ಟ. "ನೀವು ಎಷ್ಟು ಕಷ್ಟದ ಕ್ಯಾಚ್ ಹಿಡಿದಿದ್ದೀರಿ ಮೇಷ್ಟ್ರೇ?"

"ಒಂದೂ ಇಲ್ಲ," ಅಂದರು ಅವರು.

ದೊಡ್ಡವರು ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲವಲ್ಲ, ಹಾಗಿರಬೇಕು ಅಂದುಕೊಂಡ ನಂಜೇಶ.

ಮಾರನೆಯ ದಿನದಿಂದ ಅಭ್ಯಾಸ ಶುರುವಾಯಿತು. ಮೇಷ್ಟ್ರಿಗೆ ಎಪ್ಪತ್ತರ ಹತ್ತಿರ, ಆದರೂ ಎಡಗೈಯಲ್ಲಿ ಚೆಂಡು ಚಿಮ್ಮಿಸಿ ಬ್ಯಾಟು ಬೀಸಿದರೆ ಅದು ಮುಗಿಲು ಮುಟ್ಟಿ ಬರುತ್ತಿತ್ತು.

"ಚೆಂಡು ಹಿಡೀಬಾರದು," ಅಂದರು.

"ಏನಂದ್ರಿ?"

"ಕಿವುಡಾ? ಹಿಡೀಬಾರದು. ಅದು ಬೀಳೋ ಜಾಗಕ್ಕೆ ಹೋಗಿ ನಿಂತುಕೋ. ಕೈ ಬೆನ್ನ ಹಿಂದೆ ಕಟ್ಟಿಕೋ. ಚೆಂಡು ನಿನ್ನ ಕಾಲ ಬುಡದಲ್ಲಿ ಬೀಳಬೇಕು."

ಇದೆಂಥ ತರಬೇತಿ! ಎಂಟು ವರ್ಷ ರಾಜ್ಯಕ್ಕೆ ಆಡಿದವನು ಮದುವೆಮನೆಯ ಯಜಮಾನನ ಹಾಗೆ ಕೈ ಹಿಂದೆ ಕಟ್ಟಿ ನಿಲ್ಲಬೇಕಂತೆ. ನಂಜೇಶನಿಗೆ ಮೈಯೆಲ್ಲ ಉರಿಯಿತು. ಆದರೂ ಮಾಡಿದ.

ಮೊದಲ ದಿನ ಅವನು ತಲುಪುವುದರೊಳಗೆ ಚೆಂಡು ಮಾರುದೂರದಲ್ಲಿ ಬಿದ್ದು ಉರುಳುತ್ತಿತ್ತು. ಎರಡನೆಯ ದಿನವೂ ಅಷ್ಟೇ. ಹಾರಿದರೆ ಸಿಗುತ್ತಿತ್ತು, ಆದರೆ ಕೈ ಕಟ್ಟಿಕೊಂಡು ಹಾರುವುದು ಹೇಗೆ? ಮೂರನೆಯ ದಿನ ಭುಜದ ಮೇಲೆ ಬಿತ್ತು. ಮೇಷ್ಟ್ರು ಕಿಸಕ್ಕನೆ ನಕ್ಕರು.

"ನಗಬೇಡಿ ಮೇಷ್ಟ್ರೇ. ನನ್ನ ಹೊಟ್ಟೆಪಾಡು ಇದು."

"ಅದಕ್ಕೇ ಕಣೋ ಹೊಡೀತಾ ಇರೋದು. ನಡಿ, ಗೆರೆಗೆ ಹೋಗು."

ಆರನೆಯ ದಿನ ಆಕಾಶದಲ್ಲಿ ಮೋಡವಿರಲಿಲ್ಲ, ಗಾಳಿಯೂ ಇರಲಿಲ್ಲ. ಬ್ಯಾಟಿಗೆ ಚೆಂಡು ತಾಕಿದ ಸದ್ದು ಕೇಳಿತು. ಎಲ್ಲಿ ಬೀಳುತ್ತದೆ ಅನ್ನುವುದು ನಂಜೇಶನಿಗೆ ಆ ಸದ್ದಿನಲ್ಲೇ ಗೊತ್ತಾಯಿತು. ಎಡಗಡೆ, ಇಪ್ಪತ್ತು ಹೆಜ್ಜೆ, ಗೆರೆಗೆ ಸ್ವಲ್ಪ ಈಚೆ. ಇಷ್ಟೂ ಗೊತ್ತಿದ್ದು ಅವನ ಕಾಲು ಮಾತ್ರ ಹೊರಡಲಿಲ್ಲ. ಒಂದು ಉಸಿರು ಕಾಯಿತು. ಆಮೇಲೆ ಹೊರಟಿತು.

ಅವನು ಓಡುತ್ತಿದ್ದವನು ನಡುವೆಯೇ ನಿಂತುಬಿಟ್ಟ. ಚೆಂಡು ಅಷ್ಟು ದೂರದಲ್ಲಿ ಧೊಪ್ಪನೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲೂ ಇಲ್ಲ, ನಡೆದುಕೊಂಡು ಬಂದು ಬೆಂಚಿನ ಮುಂದೆ ಹುಲ್ಲಿನ ಮೇಲೆ ಕುಸಿದ.

"ಮೇಷ್ಟ್ರೇ, ನಾನು ಕಾಯ್ತೀನಿ."

"ಹೂಂ."

"ಚೆಂಡು ಎಲ್ಲಿಗೆ ಬರುತ್ತೆ ಅಂತ ಗೊತ್ತಾದ ಮೇಲೂ ಒಂದು ಉಸಿರು ಕಾಯ್ತೀನಿ."

"ಯಾವಾಗಿನಿಂದ?"

ನಂಜೇಶ ಹುಲ್ಲು ಕೀಳುತ್ತ ಕೂತ.

"ಎರಡನೇ ವರ್ಷ. ಒಂದು ಪಂದ್ಯದಲ್ಲಿ ಹೊರಡುವಾಗ ಕಾಲು ಜಾರಿತು. ತಡವಾಯ್ತು, ವಿಧಿಯಿಲ್ಲದೆ ಹಾರಿದೆ, ಸಿಕ್ಕಿತು. ಇಡೀ ಮೈದಾನ ಎದ್ದು ನಿಂತಿತು ಮೇಷ್ಟ್ರೇ! ಬೆಳಿಗ್ಗೆ ಪೇಪರಿನಲ್ಲಿ ಫೋಟೋ. ನಮ್ಮಮ್ಮ ಅದನ್ನ ದೇವರ ಪಟದ ಪಕ್ಕ ಹಾಕಿದಳು. ಮುಂದಿನ ಪಂದ್ಯದಲ್ಲಿ ಕಾಲು ಜಾರಲಿಲ್ಲ. ನಾನೇ ನಿಂತೆ. ಬೇಕು ಅಂತಲೇ ನಿಂತೆ."

"ಆಮೇಲೆ?"

"ಆಮೇಲೆ ಬೇಕು ಅಂದುಕೊಳ್ಳೋದೂ ಬೇಕಾಗಲಿಲ್ಲ. ಕಾಲಿಗೇ ರೂಢಿಯಾಯ್ತು. ಇಪ್ಪತ್ತೆರಡರಲ್ಲಿ ಆ ಒಂದು ಉಸಿರನ್ನ ಓಡಿ ತುಂಬಿಸ್ತಿದ್ದೆ. ಈಗ ಆಗ್ತಿಲ್ಲ."

ಮೇಷ್ಟ್ರು ಬ್ಯಾಟನ್ನು ಗೋಡೆಗೆ ಒರಗಿಸಿದರು. ನಂಜೇಶನಿಗೆ ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಪ್ಯಾಂಟು ನೋಡಿದೆನಲ್ಲ."

"ಹಾಗಾದ್ರೆ ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ? ಆರು ದಿನ ನನ್ನ ಭುಜ ಜಜ್ಜಿದ್ರಿ."

"ನಾನು ಹೇಳಿದ್ರೆ ನಿನ್ನ ಕಿವಿ ಕೇಳ್ತಿತ್ತು. ಕಾಲು ಕೇಳ್ಬೇಕಿತ್ತು."

ಉಳಿದ ನಾಲ್ಕು ದಿನ ಮೇಷ್ಟ್ರು ಹೊಡೆದರು, ನಂಜೇಶ ಹೋಗಿ ನಿಂತ. ಒಂಬತ್ತನೆಯ ದಿನ ಸತತ ಹನ್ನೆರಡು ಚೆಂಡು ಅವನ ಕಾಲ ಬುಡದಲ್ಲೇ ಬಿದ್ದವು. ಹತ್ತನೆಯ ದಿನ ಕೈ ಬಿಚ್ಚಲು ಅಪ್ಪಣೆಯಾಯಿತು. ಚೆಂಡುಗಳು ಸದ್ದಿಲ್ಲದೆ ಅಂಗೈಗೆ ಬಂದು ಕೂತವು.

ಸಂಜೆ ಹೊರಡುವಾಗ ಅವನ ಎದೆಯಲ್ಲಿ ಇನ್ನೊಂದು ಭಯ ಎದ್ದಿತು.

"ಒಂದು ಮಾತು ಮೇಷ್ಟ್ರೇ. ನಾಳೆ ಸೆಲೆಕ್ಟರುಗಳು ನೋಡೋದು ನಾನು ಹಾರೋದನ್ನ. ನಿಂತುಕೊಂಡು ಹಿಡಿದ್ರೆ ಅವರ ಕಣ್ಣಿಗೇ ಬೀಳಲ್ಲ. ನನ್ನನ್ನ ಬಿಟ್ಟುಬಿಡ್ತಾರೆ."

"ಬಿಡಬಹುದು."

"ಹಾಗಾದ್ರೆ ಏನು ಮಾಡ್ಲಿ?"

"ಚೆಂಡು ಮೇಲೆ ಹೋದಾಗ ನೀನು ಯಾರನ್ನ ನೋಡ್ತೀಯ, ಅದನ್ನ ನೋಡಿಕೋ," ಅಂದು ಮೇಷ್ಟ್ರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಆಯ್ಕೆ ಪಂದ್ಯ ನಡೆದದ್ದು ಪಟ್ಟಣದ ದೊಡ್ಡ ಮೈದಾನದಲ್ಲಿ. ಶಾಮಿಯಾನದ ಕೆಳಗೆ ನಾಲ್ವರು ಸೆಲೆಕ್ಟರುಗಳು, ಕೈಯಲ್ಲಿ ಹಾಳೆ, ಪೆನ್ನು. ನಂಜೇಶ ಹೊಸ ಬಿಳಿ ಬಟ್ಟೆ ತೊಟ್ಟು ಬೌಂಡರಿಗೆ ಹೋದ.

ಇಮ್ತಿಯಾಜ್ ಬೌಲಿಂಗ್ ಮಾಡುತ್ತಿದ್ದ, ತಂಡದ ಹಳೆಯ ಸ್ಪಿನ್ನರ್. ಚೆಂಡು ಎತ್ತರಕ್ಕೆ ತೇಲಿಸಿ ಹಾಕಿದ. ಬ್ಯಾಟಿನ ಸದ್ದು ಬಂತು. ನಂಜೇಶನಿಗೆ ಗೊತ್ತಾಯಿತು: ಬಲಗಡೆ, ಮೂವತ್ತು ಹೆಜ್ಜೆ. ಸರಿಯಾಗಿ ಶಾಮಿಯಾನದ ಎದುರಿಗೆ! ಒಂದು ಉಸಿರು ನಿಂತರೆ ಸಾಕು, ಹಾರಬಹುದು. ನಾಲ್ವರೂ ಎದ್ದು ನಿಲ್ಲುತ್ತಾರೆ. ಇನ್ನೊಂದು ವರ್ಷ, ಪುಣ್ಯವಿದ್ದರೆ ಎರಡು ವರ್ಷ ಸಿಗುತ್ತದೆ.

ಕಾಲು ಆಗಲೇ ಹೊರಟಿತ್ತು.

ಹೋಗಿ ನಿಂತ. ಚೆಂಡು ಬಂತು. ಹಿಡಿದ. ಯಾರೋ ಒಬ್ಬರು ಎರಡು ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಶಾಮಿಯಾನದಲ್ಲಿ ಕಾಫಿ ಬಂದಿತ್ತು, ಒಬ್ಬ ಸೆಲೆಕ್ಟರ್ ಲೋಟ ಎತ್ತಿಕೊಳ್ಳುತ್ತಿದ್ದರು.

ಅವತ್ತು ನಂಜೇಶ ಮೂರು ಕ್ಯಾಚ್ ಹಿಡಿದ. ಬೌಂಡರಿಗೆ ಹೋಗಬೇಕಾಗಿದ್ದ ಏಳು ಚೆಂಡು ತಡೆದ. ಶರ್ಟು ಬೆಳಿಗ್ಗೆ ಇದ್ದ ಹಾಗೇ ಇತ್ತು. ಆಟ ಮುಗಿದ ಮೇಲೆ ಹಿರಿಯ ಸೆಲೆಕ್ಟರ್ ಅವನ ಬೆನ್ನು ತಟ್ಟಿ, "ಇವತ್ತು ನಿನ್ನ ಕಡೆ ಬರೀ ಸುಲಭದ ಚೆಂಡೇ ಬಂದವಲ್ಲಪ್ಪಾ," ಅಂದರು. ಪಾಪ, ಅವರು ಮರುಕದಿಂದಲೇ ಅಂದದ್ದು.

ಸಂಜೆ ಪಟ್ಟಿ ಅಂಟಿಸಿದರು. ನಂಜೇಶನ ಹೆಸರಿರಲಿಲ್ಲ. ಅವನ ಜಾಗದಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ಹೊಸಬನ ಹೆಸರಿತ್ತು. ಅವನು ಅವತ್ತು ಎರಡು ಸಲ ಹಾರಿ ಒಂದನ್ನು ಹಿಡಿದಿದ್ದ.

ಮಾರನೆಯ ಬೆಳಿಗ್ಗೆ ನಂಜೇಶ ಹೊಳೆಯ ದಂಡೆಗೆ ಬಂದು ಬ್ಯಾಗನ್ನು ಬೆಂಚಿನ ಮುಂದೆ ಬಿಸಾಕಿದ. ಕಣ್ಣು ಕೆಂಪಗಿದ್ದವು.

"ಹೋಯ್ತು ಮೇಷ್ಟ್ರೇ. ಎಂಟು ವರ್ಷ ಹೋಯ್ತು."

ಮೇಷ್ಟ್ರು ಬ್ಯಾಗು ತೆರೆದು ಬಿಳಿ ಶರ್ಟು ತೆಗೆದು, ಮೊಣಕೈಯ ಹತ್ತಿರ ಬೆಳಕಿಗೆ ಹಿಡಿದು ನೋಡಿದರು.

"ಇಮ್ತಿಯಾಜ್ ಏನಂದ?"

ಆ ಪ್ರಶ್ನೆ ಬರುತ್ತದೆ ಅಂತ ನಂಜೇಶ ಅಂದುಕೊಂಡಿರಲಿಲ್ಲ. "ಅವನು ಅತ್ತ. ಬಸ್ ಸ್ಟ್ಯಾಂಡಿನವರೆಗೂ ಬಂದ. ಮುಂದಿನ ವರ್ಷ ಯಾರನ್ನ ನಂಬಿಕೊಂಡು ಚೆಂಡು ತೇಲಿಸಲಿ ಅಂತ ಕೇಳಿದ."

"ಸೆಲೆಕ್ಟರು?"

ನಂಜೇಶನಿಗೆ ತಡೆಯಲಾಗಲಿಲ್ಲ. "ಅವರು... ಬರೀ ಸುಲಭದ ಚೆಂಡೇ ಬಂದವು ಅಂದ್ರು. ಮೂವತ್ತು ಹೆಜ್ಜೆ ಓಡಿ ಹೋಗಿ ನಿಂತಿದ್ದೆ ಮೇಷ್ಟ್ರೇ! ಸುಲಭದ್ದಂತೆ!"

ಮೇಷ್ಟ್ರು ಶರ್ಟನ್ನು ಮಡಿಸಿದರು. ಕಲ್ಲುಬೆಂಚಿನ ಮೇಲೆ ಒಂದು ಬದಿಗೆ ಸರಿದು, ಪಕ್ಕದಲ್ಲಿ ಬಿದ್ದಿದ್ದ ಕಡಲೆಕಾಯಿ ಸಿಪ್ಪೆಯನ್ನು ಅಂಗೈಯಿಂದ ಒರೆಸಿ ಜಾಗ ಮಾಡಿದರು.

"ಬಾ, ಇಲ್ಲಿ ಕೂತ್ಕೋ. ನನಗೂ ಹನ್ನೊಂದು ವರ್ಷ ಅದನ್ನೇ ಅಂದ್ರು."