ಜಿಂಕೆ ಕಚ್ಚಿದ ಗುರುತು

ದೂರದ ಉತ್ತರದಲ್ಲಿ, ನೆಲವೆಲ್ಲ ಜೌಗಾದ ಒಂದು ಕಾಡಿನಲ್ಲಿ ಬಿಳಿಯಕ್ಕ ಎಂಬ ಮೊಲವೂ ಅದರ ತಂಗಿ ಚುಟ್ಟಿಯೂ ಇದ್ದವು. ಆ ಜೌಗಿನಲ್ಲಿ ಒಂದು ಗಿಡ್ಡ ಪೊದೆ ಬೆಳೆಯುತ್ತಿತ್ತು. ಬೇಸಿಗೆಯಲ್ಲಿ ಅದರ ತುಂಬ ಗುಲಾಬಿ ಬಣ್ಣದ ಹೂಗೊಂಚಲು. ಚಳಿಗಾಲದಲ್ಲಿ ಕಾಡೆಲ್ಲ ಬೋಳಾದರೂ ಅದೊಂದು ಮಾತ್ರ ಹಸಿರಾಗಿರುತ್ತಿತ್ತು, ಹಸಿದವರ ಹೊಟ್ಟೆ ಉರಿಸಲೆಂದೇ ನಿಂತಂತೆ! ಎಲೆಯಲ್ಲಿ ವಿಷವಿದೆಯೆಂಬ ಭಯದಿಂದ ಅದಕ್ಕೆ ಯಾರೂ ಬಾಯಿ ಹಾಕುತ್ತಿರಲಿಲ್ಲ.

ಮೊಲಗಳಲ್ಲಿ ಒಂದು ಕಟ್ಟಳೆಯಿತ್ತು. ವಿಷವಿದ್ದರೆ ಜಿಂಕೆ ಮುಟ್ಟುವುದಿಲ್ಲ, ಆದ್ದರಿಂದ ಜಿಂಕೆ ಕಚ್ಚಿದ ಗುರುತಿದ್ದರೆ ಮಾತ್ರ ಆ ಗಿಡವನ್ನು ತಿನ್ನಬೇಕು, ಇಲ್ಲದಿದ್ದರೆ ಹಸಿದೇ ಮಲಗಬೇಕು.

ಆ ವರ್ಷ ಹಿಮ ವಿಪರೀತ ಬಿತ್ತು. ಚುಟ್ಟಿಯ ಪಕ್ಕೆಲುಬು ಎದ್ದು ಕಾಣತೊಡಗಿತು. ಒಂದು ಬೆಳಿಗ್ಗೆ, ಮೊಲಗಳನ್ನು ಅಟ್ಟಿ ಅಟ್ಟಿ ಸೋತಿದ್ದ ನರಿ ದೂರದಿಂದಲೇ ಕೂಗಿತು.

"ಬಿಳಿಯಕ್ಕಾ, ಜಿಂಕೆ ಬಂದು ಹಸಿರು ಪೊದೆ ಮೇಯ್ದು ಹೋಯಿತು. ನೀವ್ಯಾಕೆ ಉಪವಾಸ ಸಾಯ್ತೀರಿ?"

"ಅಕ್ಕಾ, ನರಿಯ ಮಾತು ನಂಬಬಹುದಾ?" ಎಂದಿತು ಚುಟ್ಟಿ.

"ನರಿಯನ್ನು ನಂಬಬೇಡ ಕಣೇ, ನನ್ನ ಕಣ್ಣನ್ನು ನಂಬು."

ಎರಡೂ ಪೊದೆಯ ಬಳಿ ಹೋದವು. ತುದಿಗಳೆಲ್ಲ ಹರಿದಿದ್ದವು. ಬಿಳಿಯಕ್ಕನಿಗೆ ಸಂತೋಷದಿಂದ ಅಳುವೇ ಬಂತು. "ಮೊದಲು ನೀನು ತಿನ್ನು" ಎಂದು ತಂಗಿಯನ್ನು ಮುಂದೆ ಬಿಟ್ಟಿತು.

ಚುಟ್ಟಿ ಗಬಗಬನೆ ತಿಂದಿತು. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು ಸುರಿಯಿತು, ಕಾಲು ಕುಸಿಯಿತು. "ಅಕ್ಕಾ, ನೀರು" ಎಂದಿತು. ಬಿಳಿಯಕ್ಕ ಹಿಮ ಬಾಯಿಗಿಡುವಷ್ಟರಲ್ಲಿ ಅದರ ಜೀವ ಹೋಗಿತ್ತು.

ಆಗ ಪೊದೆಯ ಹಿಂದೆ ಯಾರೋ ನರಳಿದರು. ನೋಡಿದರೆ ನರಿ! ಹಲ್ಲಿನ ಸಂದಿಯಲ್ಲೆಲ್ಲ ಹಸಿರು ಎಲೆ.

"ತುದಿ ಕಚ್ಚಿದ್ದು ನಾನೇ" ಎಂದು ಅದು ತೊದಲಿತು. "ನೀವು ಬಿದ್ದರೆ ಸುಲಭವಾಗಿ ಹಿಡಿಯೋಣ ಅಂತ. ಉಗುಳಿದೆ, ಆದರೂ ರಸ ಒಳಗಿಳಿಯಿತು. ಸ್ವಲ್ಪ ನೀರು ಕೊಡಮ್ಮಾ."

"ನನ್ನ ತಂಗಿಯೂ ನೀರು ಕೇಳಿದಳು" ಎಂದಿತು ಬಿಳಿಯಕ್ಕ. ಅಲ್ಲಿಂದ ಕದಲಲಿಲ್ಲ.

ಸಂಜೆಯೊಳಗೆ ನರಿ ಸತ್ತಿತು. ಪೀಡೆ ತೊಲಗಿತೆಂದು ಉಳಿದ ಮೊಲಗಳು ಕುಣಿದವು. ಬಿಳಿಯಕ್ಕ ಕುಣಿಯಲಿಲ್ಲ. ಪೊದೆಯ ಬುಡದ ಹಿಮವನ್ನೇ ನೋಡುತ್ತ ಕೂತಿತು. ಅಲ್ಲಿ ನರಿ ತನ್ನ ಹೆಜ್ಜೆ ಅಳಿಸಲು ಬಾಲದಿಂದ ಗುಡಿಸಿದ ಗೆರೆಗಳಿದ್ದವು. ಜಿಂಕೆಯ ಗೊರಸಿನ ಗುರುತು ಒಂದೂ ಇರಲಿಲ್ಲ. ಬೆಳಿಗ್ಗೆ ಒಮ್ಮೆ ತಲೆ ತಗ್ಗಿಸಿದ್ದರೆ ಅದೂ ಕಾಣುತ್ತಿತ್ತು.

ನೀತಿ: ಮೋಸಗಾರ ತನ್ನ ಮೋಸದಿಂದಲೇ ಹಾಳಾಗುತ್ತಾನೆ. ಆದರೆ ಅವನನ್ನು ನಂಬಿ ಕಳೆದುಕೊಂಡದ್ದು ಅದರಿಂದ ಮರಳಿ ಬರುವುದಿಲ್ಲ. ಆದ್ದರಿಂದ ನಂಬುವ ಮೊದಲೇ ಪೂರ್ತಿ ನೋಡಬೇಕು.