ಏಳು ಕೊಡತಿ, ಒಂದು ಮಾತು

"ಗುರುಗಳೇ, ತನ್ನ ಕಿವಿಗೆ ಕೇಳಿದ್ದನ್ನು ಬಿಟ್ಟು, ಸುತ್ತಲಿನವರು ಹೇಳಿದ್ದನ್ನೇ ಮನುಷ್ಯ ಏಕೆ ಹೇಳುತ್ತಾನೆ?" ಎಂದು ಶಿಷ್ಯನೊಬ್ಬ ಕೇಳಿದ. ಉಳಿದ ಶಿಷ್ಯರೂ ಅಲ್ಲೇ ಕುಳಿತಿದ್ದರು.

"ಯಾವ ಮನುಷ್ಯ?" ಎಂದರು ಗುರುಗಳು.

"ಲೋಕದ ಜನ."

"ಅದರಲ್ಲಿ ನೀನು ಇಲ್ಲವಷ್ಟೆ?"

"ಇಲ್ಲ, ಗುರುಗಳೇ."

"ಒಳ್ಳೆಯದು. ಅದಕ್ಕೆ ಎರಡು ಕಾರಣಗಳಿವೆ. ಒಂದನ್ನು ಮನುಷ್ಯ ಕೇಳಿದೊಡನೆ ಹೇಳುತ್ತಾನೆ. ಅದನ್ನು ಪೂರ್ತಿ ನಂಬಬಾರದು. ಇನ್ನೊಂದನ್ನು ಮೈ ಒದ್ದೆಯಾದ ಮೇಲೆ ಹೇಳುತ್ತಾನೆ. ನೆಟ್ಟಗೆ ಕುಳಿತು ಕೇಳು" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನ ಮಗಳ ಮದುವೆ ಆಚೆ ದಡದ ಊರಿನಲ್ಲಿ ನಿಶ್ಚಯವಾಗಿತ್ತು. ದಿಬ್ಬಣವನ್ನು ತನ್ನ ದೋಣಿಯಲ್ಲೇ ದಾಟಿಸಬೇಕೆಂದು ಅವನು ಅದನ್ನು ದುರಸ್ತಿ ಮಾಡಿಸಿದ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ದುರಸ್ತಿಯಾದ ದೋಣಿಯನ್ನು ನೀರಿಗಿಳಿಸುವ ಮೊದಲು ಏಳು ಮಂದಿ ಬಡಗಿಗಳು ಅದರ ತಳವನ್ನು ಮರದ ಕೊಡತಿಯಿಂದ ಬಡಿದು ಸದ್ದು ಕೇಳಬೇಕು. ಹಲಗೆ ಚೆನ್ನಾಗಿದ್ದರೆ 'ಗಟ್ಟಿ' ಎನ್ನಬೇಕು. ಒಳಗೆ ಕೊಳೆತಿದ್ದರೆ 'ಟೊಳ್ಳು' ಎನ್ನಬೇಕು. ಮೊದಲು ಹಿರಿಯನ ಸರದಿ, ಆಮೇಲೆ ವಯಸ್ಸಿನ ಕ್ರಮದಲ್ಲಿ ಉಳಿದವರದು. ಪರೀಕ್ಷೆ ಮುಗಿದ ಮೇಲೆ ಏಳೂ ಜನ ಒಂದೇ ಮೊರದಿಂದ ಮಂಡಕ್ಕಿ ಬೆಲ್ಲ ತಿನ್ನಬೇಕು.

ದಿಬ್ಬಣದ ಹಿಂದಿನ ದಿನ ಬೆಳಿಗ್ಗೆ ಏಳು ಮಂದಿ ಬಂದರು. ಹಿರಿಯ ಬಡಗಿ ಹಲಗೆಗಳನ್ನು ಒಂದೊಂದಾಗಿ ಬಡಿದ. ತಲೆಯೆತ್ತಿ ಉಳಿದವರ ಮುಖ ನೋಡಿದ. "ಗಟ್ಟಿ" ಎಂದ. ಎರಡನೆಯವನೂ ಬಡಿದು "ಗಟ್ಟಿ" ಎಂದ. ಮುಂದಿನ ಮೂವರೂ ಅದನ್ನೇ ಅಂದರು. ಆರನೆಯವನ ಕೊಡತಿ ಹಲಗೆಗೆ ತಾಗಿತೋ ಇಲ್ಲವೋ, ಅವನೂ "ಗಟ್ಟಿ" ಎಂದ.

ಏಳನೆಯವನು ಎಲ್ಲರಿಗಿಂತ ಕಿರಿಯ. ಅವನು ಹಿಂಬದಿಯ ಮೂರನೆಯ ಹಲಗೆಯನ್ನು ಬಡಿದಾಗ ಟೊಳ್ಳು ಸದ್ದು ಬಂತು. ಇನ್ನೊಮ್ಮೆ ಬಡಿದ. ಅದೇ ಸದ್ದು. ಆರು ಮಂದಿ ಅವನನ್ನೇ ನೋಡುತ್ತಿದ್ದರು. "ಗಟ್ಟಿ" ಎಂದ.

ಅಂಬಿಗ ಸಂಶಯದ ಮನುಷ್ಯ. ಒಬ್ಬ ಕೆಮ್ಮಿದ್ದರೆ, ಒಬ್ಬ ತಡವರಿಸಿದ್ದರೆ, ಇಬ್ಬರು ವಾದಿಸಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತು. ಕಿರಿಯವನು ಒಂದೇ ಹಲಗೆಯನ್ನು ಎರಡು ಬಾರಿ ಬಡಿದದ್ದನ್ನೂ ಅವನು ಗಮನಿಸಿದ್ದ. ಅವನು ಮಂಡಕ್ಕಿಯ ಮೊರವನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಇಷ್ಟು ದೊಡ್ಡವರು ಬಂದಿದ್ದೀರಿ. ಮಗಳು ಕಾಲಿಡುವ ಮೊದಲು ನಿಮ್ಮ ಪಾದ ಬೀಳಲಿ. ಒಂದು ಸುತ್ತು ಹೋಗಿ ಬನ್ನಿ, ಆಮೇಲೆ ಬೆಲ್ಲ ತಿನ್ನಿ" ಎಂದ.

"ನಮ್ಮ ಮಾತಿನ ಮೇಲೆ ನಿನಗೆ ಅನುಮಾನವೇನಯ್ಯಾ?" ಎಂದ ಎರಡನೆಯವನು.

"ಛೆ, ನನಗೆಲ್ಲಿಯ ಅನುಮಾನ! ಹತ್ತಿ, ಹತ್ತಿ."

ದೋಣಿಯನ್ನು ನೀರಿಗಿಳಿಸಿದರು. ಹಿರಿಯ ಬಡಗಿ ಹತ್ತಿದ. ಅವನ ಹಿಂದೆ ಐದು ಮಂದಿ ಹತ್ತಿದರು. ಏಳನೆಯವನು ದಡದಲ್ಲಿ ನಿಂತು ಹಿಂಬದಿಯ ಮೂರನೆಯ ಹಲಗೆಯನ್ನು ನೋಡಿದ. ಅವನೂ ಹತ್ತಿದ.

ಅಂಬಿಗ ದೋಣಿಗೆ ಉದ್ದದ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ದಡದ ಗೂಟಕ್ಕೆ ಬಿಗಿದಿದ್ದ. ಅವನು ದಡದಿಂದ ತಳ್ಳಿದಾಗ ದೋಣಿ ಸ್ವಲ್ಪ ದೂರ ಹೋಯಿತು. ಆ ಹಲಗೆ ಫಟ್ಟನೆ ಸೀಳಿತು. ಆರು ಮಂದಿ ಕೂಗಿಕೊಂಡರು. ಹಿರಿಯ ಬಡಗಿ ಮಾತ್ರ ತಿರುಗಿಯೂ ನೋಡಲಿಲ್ಲ. ನೀರು ಮೊಣಕಾಲಿಗೆ ಬಂದಾಗಲೇ ಅವನು ಎದ್ದು ನಿಂತದ್ದು. ಅಂಬಿಗ ಹಗ್ಗ ಎಳೆದು ಎಲ್ಲರನ್ನೂ ದಡಕ್ಕೆ ತಂದ.

ಅವನು ಹಿರಿಯನ ಮುಂದೆ ನಿಂತು, ಮಾತಾಡದೆ, ತನ್ನ ಕಿವಿ ಮುಟ್ಟಿ ತೋರಿಸಿದ.

ಹಿರಿಯ ತಲೆ ತಗ್ಗಿಸಿದ. "ಕೇಳಿಸದೆ ನಾಲ್ಕು ವರ್ಷವಾಯಿತು. ಬಡಿದ ಮೇಲೆ ಇವರ ಮುಖ ನೋಡುತ್ತೇನೆ. ಯಾರ ಹುಬ್ಬೂ ಅಲುಗದಿದ್ದರೆ ಗಟ್ಟಿ ಎನ್ನುತ್ತೇನೆ. ಇವರೆಲ್ಲ ಬಲ್ಲವರು."

"ನಾವು ಹಿರಿಯರ ಬಾಯಿಂದ ಬಂದದ್ದನ್ನು ಹೇಳುತ್ತೇವೆ. ಅದು ಬರುವ ತನಕ ಹುಬ್ಬು ಅಲುಗಿಸುವುದಿಲ್ಲ" ಎಂದ ಎರಡನೆಯವನು.

ಅಂಬಿಗ ಏಳನೆಯವನ ಕಡೆ ತಿರುಗಿದ. "ನಿನಗೆ ಕೇಳಿಸಿತ್ತು. ಸುಳ್ಳು ಹೇಳಬೇಡ."

"ಕೇಳಿಸಿತ್ತಣ್ಣಾ. ಆರು ಜನರ ಕಿವಿ ತಪ್ಪಿರಲಾರದು, ನನ್ನದೇ ತಪ್ಪಿರಬೇಕು ಅಂದುಕೊಂಡೆ."

"ವಿನಯ ಚೆನ್ನಾಗಿದೆ. ಅಷ್ಟೆಯೋ?"

ಕಿರಿಯವನು ಪಂಚೆಯ ನೀರು ಹಿಂಡಿದ. "ಹಿಂದೆ ಒಬ್ಬ ಟೊಳ್ಳು ಅಂದಿದ್ದ. ಅವತ್ತಿನಿಂದ ಅವನ ಪಾಲಿನ ಮಂಡಕ್ಕಿಯನ್ನು ಮೊರದಲ್ಲಿ ಇಡಲಿಲ್ಲ, ನೆಲದ ಮೇಲೆ ಸುರಿದರು. ಅವನು ನಮ್ಮಪ್ಪ."

ಅಂಬಿಗ ಸೀಳಿದ ಹಲಗೆಯನ್ನು ಮುಟ್ಟಿ ನೋಡಿದ.

"ಹಲಗೆ ಕೊಳೆತದ್ದು ನಿನಗೆ ಗೊತ್ತಿತ್ತು. ನಾಳೆ ನನ್ನ ಮಗಳು ಇದರಲ್ಲಿ ಕೂರುತ್ತಾಳೆಂಬುದೂ ಗೊತ್ತಿತ್ತು. ಅದು ಹೋಗಲಿ. ನೀನು ಹತ್ತಿದ್ದಾದರೂ ಏಕೆ?"

"ಅವರು ಹತ್ತಿದರಲ್ಲ" ಎಂದ ಕಿರಿಯವನು.

ಮರುದಿನ ದಿಬ್ಬಣ ಬೇರೆಯವರ ದೋಣಿಯಲ್ಲಿ ಹೋಯಿತು. ಹೊರಡುವ ಮೊದಲು ಅಂಬಿಗ ಅದರ ತಳವನ್ನು ತಾನೇ ಬಡಿದು ನೋಡಿದ.

ಗುರುಗಳು ಕತೆ ನಿಲ್ಲಿಸಿದರು. ಹಿರಿಯ ಶಿಷ್ಯನೊಬ್ಬ "ಅವರು ಹತ್ತಿದರಲ್ಲ!" ಎಂದು ಅಣಕಿಸಿ ನಕ್ಕ. ಸಾಲಿನಲ್ಲಿದ್ದ ಎಲ್ಲರೂ ನಕ್ಕರು. ಪ್ರಶ್ನೆ ಕೇಳಿದವನೂ ನಕ್ಕು, "ಎಂಥ ದಡ್ಡ, ಗುರುಗಳೇ!" ಎಂದ.

ಗುರುಗಳು ನಗಲಿಲ್ಲ. ಅವನ ಮುಖವನ್ನೇ ನೋಡಿ ಕೇಳಿದರು:

"ಅಪ್ಪಾ, ನಿನಗೆ ನಗು ಬಂದದ್ದು ಇವರೆಲ್ಲ ನಗುವ ಮೊದಲೋ, ಆಮೇಲೋ?"