ಸ್ಟ್ಯಾಂಡಿನ ಮೇಲಿನ ನಾನೂರು ಕುದುರೆ

ದೈತ್ಯ ಎಂಜಿನ್ನಿನ ಹಳೇ ಮಸಲ್ ಕಾರಿನ ಉಮೇದನ್ನು ಏನೆಂದು ಹೇಳಲಿ! ಘಾಟಿ ಹತ್ತುವ ದಿನ ಎಲ್ಲರಿಗಿಂತ ಬಲಶಾಲಿಯಾದವನೇ ಮುಂದೆ ಹೋಗಬೇಕೆಂಬುದು ಆ ಕಾರುಗಳ ಷೆಡ್ಡಿನ ನಿಯಮ. ಆ ಮೊದಲ ಜಾಗ ವರ್ಷಗಳಿಂದ ಅವನದೇ. ಈ ಸಲ ಮಾತ್ರ ಹೊಸ ಸ್ಪೋರ್ಟ್ಸ್ ಕಾರೊಂದು ಬಂದು ಪಕ್ಕದಲ್ಲೇ ನಿಂತಿತು.

"ನಿನ್ನಲ್ಲಿ ಎಷ್ಟು ಕುದುರೆಯ ಬಲ, ಮರಿ?"

"ಮುನ್ನೂರೈವತ್ತು, ತಾತ."

"ಅಷ್ಟೇನಾ! ನನ್ನದು ನಾನೂರು. ಹಿಂದೆ ಬಾ, ನನ್ನ ಹೊಗೆ ಕುಡಿ."

"ಆಗಲಿ ತಾತ. ಅದಕ್ಕೆ ಮುಂಚೆ ಇಬ್ಬರೂ ಒಮ್ಮೆ ರೋಲರ್ ಹತ್ತಿಬಿಡೋಣ."

ಗೇರುಗಳಲ್ಲಿ ಸೋರಿದ್ದನ್ನು ಬಿಟ್ಟು ಚಕ್ರಕ್ಕೆ ತಲುಪುವ ಬಲವನ್ನಷ್ಟೇ ಅಳೆಯುವ ಯಂತ್ರ ಆ ರೋಲರ್. ಹೊಸಬ ಸದ್ದಿಲ್ಲದೆ ಮುನ್ನೂರು ತೋರಿಸಿದ. ಹಳಬ ಗುಡುಗಿ, ಷೆಡ್ಡಿನ ತಗಡನ್ನೆಲ್ಲ ನಡುಗಿಸಿ, ಇನ್ನೂರೈವತ್ತಕ್ಕೆ ನಿಂತ.

"ಕಳ್ಳ! ನನ್ನ ಉಳಿದ ನೂರೈವತ್ತು ಕುದುರೆ ಎಲ್ಲಿ?" ಎಂದು ರೋಲರನ್ನು ಗದರಿದ.

"ಸ್ವಾಮಿ," ಎಂದಿತು ರೋಲರ್, "ನಿಮ್ಮ ಕಾಲದಲ್ಲಿ ಎಂಜಿನ್ನನ್ನು ಬರಿಮೈಯಲ್ಲಿ ಸ್ಟ್ಯಾಂಡಿನ ಮೇಲಿಟ್ಟು ಅಳೆಯುತ್ತಿದ್ದರು. ಫ್ಯಾನಿಲ್ಲ, ಡೈನಮೋ ಇಲ್ಲ, ಸೈಲೆನ್ಸರ್ ಇಲ್ಲ. ಮದುವೆಗೆ ಮುಂಚಿನ ಗಂಡಿನ ಹಾಗೆ! ಈ ಮರಿಯನ್ನು ಸಂಸಾರ ಹೊರಿಸಿಯೇ ಅಳೆದಿದ್ದಾರೆ."

ಹಳಬ ಒಮ್ಮೆ ಕೆಮ್ಮಿದ. ಆಮೇಲೆ ಬಾನೆಟ್ ಅದುರುವಂತೆ ನಕ್ಕುಬಿಟ್ಟ.

"ಅಯ್ಯೋ, ಇಷ್ಟು ವರ್ಷ ಘಾಟಿ ಹತ್ತಿಸಿದ್ದು ಈ ಇನ್ನೂರೈವತ್ತೇನಾ! ಒಂದು ದಿನವೂ ಕೆಲಸಕ್ಕೆ ಬಾರದ ಆ ನೂರೈವತ್ತನ್ನು ನಾನು ಊರೆಲ್ಲ ಹೊಗಳಿಕೊಂಡು ತಿರುಗಿದೆನಲ್ಲ!"

ಹಾಗೆಂದವನೇ ರಿವರ್ಸ್ ಹಾಕಿ ಮೊದಲ ಜಾಗ ಬಿಟ್ಟುಕೊಟ್ಟ.

"ಮುಂದೆ ನಡಿ ಮರಿ. ಆದರೆ ಹುಷಾರು! ಆ ನೂರೈವತ್ತರ ಭಾರ ಈಗಷ್ಟೇ ಇಳಿದಿದೆ, ಹಿಂದೆಯೇ ಹಾರಿಕೊಂಡು ಬರ್ತೀನಿ!"